ದಿಮ್ಮಿಯ ಜಾತಕ

ನಮ್ಮ ತರಗತಿಗಳ ಬಾಗಿಲು, ಮೇಜು, ಬೆಂಚುಗಳನ್ನು ನಾವು ದಿನವೂ ಮುಟ್ಟುತ್ತೇವೆ. ಅವು ಯಾವ ಜಾತಿಯ ಮರದವು ಎಂದು ಕೇಳಿದರೆ ಬಡಗಿಯ ಕೆಲಸ ಬಲ್ಲ ಮಿತ್ರನೊಬ್ಬ ತೇಗ, ಹೊನ್ನೆ, ಮತ್ತಿ, ಹಲಸು ಎಂದು ಗುರುತಿಸಿಯಾನು. ಆದರೆ ಅದು ಯಾವ ಕಾಡಿನ ಮರ, ಅದನ್ನು ಕಡಿದವರು ಯಾರು, ಕಡಿಯಲು ಅವರಿಗೆ ಹಕ್ಕಿತ್ತೆ ಎಂದು ಕೇಳಿದರೆ ಹೇಳಬಲ್ಲವರು ಸಿಗುವುದು ಕಷ್ಟ. ಮರವು ಕಾಡಿನಲ್ಲಿ ನಿಂತಿರುವವರೆಗೆ ಅದಕ್ಕೆ ಊರುಂಟು, ನೆರೆಹೊರೆಯುಂಟು. ಬುಡ ಕತ್ತರಿಸಿ, ತೊಗಟೆ ಸುಲಿದು, ಗರಗಸದ ಗಿರಣಿಯ ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಿದ್ದಿತೆಂದರೆ ಅದರ ಪೂರ್ವಾಶ್ರಮವೆಲ್ಲ ಅಳಿಸಿಹೋಗುತ್ತದೆ. ಕಳ್ಳ ನಾಟಾದ ವ್ಯಾಪಾರ ನಡೆಯುವುದೇ ಈ ಮರೆವಿನ ಬಲದಿಂದ.

ಹೀಗೆ ಅಳಿಸಿಹೋಗುವ ಜಾತಕವನ್ನು ದಿಮ್ಮಿಯ ಜೊತೆಯಲ್ಲಿಯೇ ಕಳುಹಿಸಬೇಕು, ಜಾತಕವಿಲ್ಲದ ಮರವನ್ನು ಕೊಳ್ಳಕೂಡದು ಎಂಬುದು ಈಚಿನ ಎರಡು ದಶಕಗಳಲ್ಲಿ ಹಲವು ದೇಶಗಳು ಮಾಡಿಕೊಂಡಿರುವ ವಾಣಿಜ್ಯ ನಿಯಮಗಳ ತಿರುಳು. ಅವು ಹೇಗೆ ಹುಟ್ಟಿದವು, ಹೇಗೆ ನಡೆಯುತ್ತವೆ, ಅವುಗಳ ಭಾರ ಕಟ್ಟಕಡೆಗೆ ಯಾರ ಹೆಗಲಿಗೆ ಬೀಳುತ್ತದೆ ಎಂಬ ವಿಚಾರ ಕಾಫಿಯನ್ನೂ ಬೀಟೆಯನ್ನೂ ಬೆಳೆಯುವ ನಾಡಿನವರಾದ ನಮಗೆ ದೂರದ್ದೇನೂ ಅಲ್ಲ.

ಮರಗಳ್ಳನನ್ನು ಕಾಡಿನಲ್ಲಿಯೇ ಹಿಡಿಯಬಾರದೇಕೆ ಎಂದು ವಾಚಕರು ಕೇಳಬಹುದು. ಹಿಡಿಯಬೇಕು, ನಿಜ. ಆದರೆ ಕೆಲಸದ ಗಾತ್ರವನ್ನು ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಅರಣ್ಯ ಸಮೀಕ್ಷೆಯಂತೆ 1990ರಿಂದ 2000ದವರೆಗೆ ಪ್ರಪಂಚದಲ್ಲಿ ವರ್ಷಕ್ಕೆ 1 ಕೋಟಿ 76 ಲಕ್ಷ ಹೆಕ್ಟೇರ್ ಕಾಡು ಕಡಿದುಹೋಗುತ್ತಿತ್ತು. 2015ರಿಂದ 2025ರವರೆಗಿನ ಹತ್ತು ವರ್ಷಗಳಲ್ಲಿ ಅದು ವರ್ಷಕ್ಕೆ 1 ಕೋಟಿ 9 ಲಕ್ಷ ಹೆಕ್ಟೇರಿಗೆ ಇಳಿದಿದೆ. ಇಳಿದ ಮೇಲೂ ಅದು ವರ್ಷಕ್ಕೆ ಅರ್ಧ ಕರ್ನಾಟಕಕ್ಕಿಂತ ಹೆಚ್ಚು. ಇನ್ನು ಕಳ್ಳ ನಾಟಾದ ವಿಚಾರ: 2012ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲೂ ಕೂಡಿ ಮಾಡಿದ ಅಂದಾಜಿನಂತೆ ಪ್ರಪಂಚದ ಮರದ ವ್ಯಾಪಾರದಲ್ಲಿ ನೂರಕ್ಕೆ 15ರಿಂದ 30 ಪಾಲು ಕಾನೂನುಬಾಹಿರ. ಒಬ್ಬ ಅರಣ್ಯ ರಕ್ಷಕನಿಗೆ ಸಾವಿರಾರು ಎಕರೆ ಕಾಡು. ಆತನ ಸಂಬಳಕ್ಕೂ ಒಂದು ಲಾರಿ ಬೀಟೆಯ ಬೆಲೆಗೂ ಇರುವ ಅಂತರವನ್ನು ಹೇಳಬೇಕಾದ್ದಿಲ್ಲ. ಕಾಡಿನ ದಾರಿಗಳು ನೂರಾರು. ಆದರೆ ಆ ಮರ ಹಾಯಲೇಬೇಕಾದ ಬಂದರುಗಳು ಕೆಲವೇ. ಕಾವಲನ್ನು ಅಲ್ಲಿಡುವುದು ಸುಲಭ ಎಂಬುದು ಈ ನಿಯಮಗಳ ಹಿಂದಿನ ಸರಳ ಲೆಕ್ಕ.

ಲೆಕ್ಕ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾಡಿನ ಉತ್ಪನ್ನಗಳಿಗೆಂದೇ ಕುಪ್ಯಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ನಮ್ಮ ಅರಣ್ಯ ಇಲಾಖೆಯ ರಹದಾರಿ ಪದ್ಧತಿಯೂ ಇದೇ ಮಾದರಿಯದು. ದಿಮ್ಮಿಗೆ ಇಲಾಖೆಯ ಸುತ್ತಿಗೆ ಮುದ್ರೆ ಬೀಳಬೇಕು; ಎಲ್ಲಿಂದ ಎಲ್ಲಿಗೆ, ಎಷ್ಟು, ಯಾವ ಜಾತಿ ಎಂಬುದನ್ನೆಲ್ಲ ಬರೆದ ರಹದಾರಿ ಲಾರಿಯವನ ಕೈಯಲ್ಲಿರಬೇಕು; ತನಿಖೆ ಠಾಣೆಯಲ್ಲಿ ಅದನ್ನು ತೋರಿಸಬೇಕು. ಮರಕ್ಕೆ ಜಾತಕ ಬರೆಯುವ ಕೆಲಸ ನಮಗೆ ಬಹಳ ಹಳೆಯದು.

ಆ ಕೆಲಸ ಹೇಗೆ ಕೆಡಬಹುದೆಂಬುದೂ ನಮಗೆ ಗೊತ್ತು. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಮೈಸೂರು ಸಂಸ್ಥಾನವೂ, ಅನಂತರ ರಾಜ್ಯ ಸರ್ಕಾರವೂ ಅದನ್ನೇ ಮುಂದುವರಿಸಿದವು. ಯಾರ ಹೊಲದ ಬದುವಿನಲ್ಲಿ ಹುಟ್ಟಿದರೂ ಗಂಧದ ಮರ ಸರ್ಕಾರದ್ದು. ಅದನ್ನು ಕಾಯುವ ಹೊಣೆ ಮಾತ್ರ ರೈತನದು. ಕಳವಾದರೆ ಮೊದಲ ವಿಚಾರಣೆಯೂ ಅವನದೇ. ಇದರಿಂದ ಆದದ್ದೇನು? ಹಕ್ಕಿಯ ಹಿಕ್ಕೆಯಿಂದ ಬೇಲಿಯಲ್ಲಿ ತಾನಾಗಿ ಮೊಳೆತ ಗಂಧದ ಸಸಿಯನ್ನು ಬೆರಳುದ್ದ ಇರುವಾಗಲೇ ಕಿತ್ತೆಸೆಯುವ ರೂಢಿ ಹಳ್ಳಿಗಳಲ್ಲಿ ಬೆಳೆಯಿತು. ಕಾಯಿದೆಯು ಕಳ್ಳನನ್ನು ಹೆದರಿಸುವುದಕ್ಕೆ ಮೊದಲು ಬೆಳೆಯುವವನನ್ನು ಹೆದರಿಸಿತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ತಂದು, ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯನೆಂದು ಮಾಡಿದ ಮೇಲೆಯೇ ಜನ ಅದನ್ನು ಬೆಳೆಯಾಗಿ ನೆಡತೊಡಗಿದ್ದು. ಈ ಗಂಧದ ಕಥೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ; ಯೂರೋಪಿನವರ ಹೊಸ ಕಾಯಿದೆಯ ಮಾತು ಬಂದಾಗ ಅದು ಬೇಕಾಗುತ್ತದೆ.

ಒಂದು ದೇಶ ತನ್ನ ಕಾಡಿಗೆ ತಾನೇ ಬೇಲಿ ಹಾಕಿಕೊಂಡರೆ ಸಾಲದೆ? ಇದಕ್ಕೆ ಉತ್ತರವನ್ನು ಥಾಯ್ಲೆಂಡ್ ಕೊಟ್ಟಿದೆ. 1988ರ ನವೆಂಬರಿನಲ್ಲಿ ಆ ದೇಶದ ದಕ್ಷಿಣ ಭಾಗದಲ್ಲಿ ಭಾರಿ ಪ್ರವಾಹ ಬಂದಿತು. ಬೋಳಾದ ಬೆಟ್ಟಗಳ ಮಣ್ಣು, ಕಡಿದು ಬಿಟ್ಟಿದ್ದ ದಿಮ್ಮಿಗಳು ನೀರಿನೊಡನೆ ಉರುಳಿಬಂದು ಊರುಗಳ ಮೇಲೆ ಬಿದ್ದವು. ನೂರಾರು ಜನ ಸತ್ತರು. 1989ರ ಜನವರಿಯಲ್ಲಿ ಸರ್ಕಾರ ಕಾಡು ಕಡಿಯುವುದನ್ನೇ ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಥಾಯಿ ಗಿರಣಿಗಳ ಹಸಿವು ನಿಷೇಧದಿಂದ ಇಂಗಲಿಲ್ಲ. ವ್ಯಾಪಾರಿಗಳು ಗಡಿ ದಾಟಿ ಬರ್ಮಾ, ಲಾವೋಸ್, ಕಾಂಬೋಡಿಯಗಳ ಕಾಡಿಗೆ ನುಗ್ಗಿದರು. ಕಾಂಬೋಡಿಯದ ಗಡಿಯಲ್ಲಿ ಆಗ ಖ್ಮೇರ್ ರೂಜ್ ಪಡೆಗಳ ಹಿಡಿತವಿತ್ತು. ಮರ ಮಾರಿದ ಹಣ ಅವರ ಬಂದೂಕಿಗೆ ಹೋಯಿತು. 1992ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿಯೇ ಕಾಂಬೋಡಿಯದ ದಿಮ್ಮಿ ರಫ್ತಿನ ತಡೆಗೆ ಬೆಂಬಲದ ನಿರ್ಣಯ ಮಾಡಬೇಕಾಯಿತು. ಮುಂದೆ 2003ರಿಂದ 2006ರವರೆಗೆ ಲೈಬೀರಿಯದ ಮರಕ್ಕೂ ಇಂಥದೇ ಬಹಿಷ್ಕಾರ ಬಿದ್ದಿತು, ಇಂಥದೇ ಕಾರಣಕ್ಕೆ. ಚೀನವೂ 1998ರ ಯಾಂಗ್ಟ್ಸಿ ನದಿಯ ಮಹಾಪ್ರವಾಹದ ಮೇಲೆ ತನ್ನ ಸಹಜಾರಣ್ಯಗಳಲ್ಲಿ ಕೊಡಲಿಯನ್ನು ತಡೆಯಿತು. ಅದರ ಹಿಂದೆಯೇ ರಷ್ಯದ ಪೂರ್ವ ತುದಿಯಿಂದಲೂ ಬರ್ಮಾದಿಂದಲೂ ದಿಮ್ಮಿಗಳು ಅಲ್ಲಿಗೆ ಹರಿದುಬಂದು, ಚೀನ ಪ್ರಪಂಚದಲ್ಲೇ ಅತಿ ಹೆಚ್ಚು ದಿಮ್ಮಿ ಕೊಳ್ಳುವ ದೇಶವಾಯಿತು.

ಪರರ ಕಥೆಯೇಕೆ, ನಮ್ಮದನ್ನೇ ನೋಡೋಣ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯೆಂದು ಹೆಸರಾದ ಅದು ಪಶ್ಚಿಮ ಘಟ್ಟದ ಹಸಿರು ಮರ ಕಡಿಯುವ ಪದ್ಧತಿಗೆ ಕಡಿವಾಣ ಹಾಕಲು ಕಾರಣವಾದವುಗಳಲ್ಲೊಂದು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಆದಾಯದ ಮೂಲವಾಗಿ ನೋಡುವುದನ್ನು ಬಿಡಬೇಕೆಂದು ಹೇಳಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ, ಕರ್ನಾಟಕದ ಮಗ್ಗುಲಲ್ಲೇ ಇರುವ ನೀಲಗಿರಿಯ ಗೂಡಲೂರಿನ ಕಾಡಿನ ಬಗ್ಗೆ ಟಿ. ಎನ್. ಗೋದವರ್ಮನ್ ತಿರುಮುಲ್ಪಾಡ್ ಎಂಬವರು ಹೂಡಿದ್ದ ಮೊಕದ್ದಮೆಯಲ್ಲಿ, ದೇಶಕ್ಕೆಲ್ಲ ಅನ್ವಯಿಸುವ ಆಜ್ಞೆ ಹೊರಡಿಸಿತು. ಒಪ್ಪಿಗೆ ಪಡೆದ ಕಾರ್ಯಯೋಜನೆಯಿಲ್ಲದೆ ಕಾಡು ಕಡಿಯಕೂಡದು; ಈಶಾನ್ಯದ ಏಳು ರಾಜ್ಯಗಳಿಂದ ರೈಲಿನಲ್ಲಾಗಲಿ, ರಸ್ತೆಯಲ್ಲಾಗಲಿ, ನದಿಯಲ್ಲಾಗಲಿ ಮರ ಹೊರಗೆ ಹೋಗಕೂಡದು. ಇದಕ್ಕಿಂತ ಬಿಗಿಯಾದ ನಿಯಮವನ್ನು ಊಹಿಸುವುದು ಕಷ್ಟ.

ಈ ನಡುವೆ ಭಾರತೀಯರು ಮನೆ ಕಟ್ಟುವುದನ್ನು ನಿಲ್ಲಿಸಿದರೆ? ಇಲ್ಲ. ಮದುವೆಗೆ ಮಂಚ ಮಾಡಿಸುವುದನ್ನು ಬಿಟ್ಟರೆ? ಅದೂ ಇಲ್ಲ. ತೇಗ ಬರ್ಮಾದಿಂದ ಬಂದಿತು. ಗಟ್ಟಿಮರದ ದಿಮ್ಮಿಗಳು ಮಲೇಷ್ಯದ ಸರವಾಕ್‌ನಿಂದ ಬಂದವು. ಆ ಸರವಾಕ್‌ನಲ್ಲಿ 1987ರಲ್ಲಿ ಪೆನಾನ್ ಎಂಬ ಕಾಡಿನ ಜನ ಲಾರಿಗಳ ದಾರಿಗೆ ಅಡ್ಡಗಟ್ಟಿ ನಿಂತಿದ್ದರು. ಆಗ ಆ ಮರದ ದೊಡ್ಡ ಗಿರಾಕಿ ಜಪಾನು. ಮುಂದೆ ಆ ಸ್ಥಾನಕ್ಕೆ ಬಂದದ್ದು ಭಾರತ. ನಮ್ಮ ಜನ ಅಪ್ಪಿ ಉಳಿಸಿಕೊಂಡ ಮರಕ್ಕೆ ಬದಲು ಇನ್ನೊಬ್ಬರು ಅಡ್ಡಗಟ್ಟಿಯೂ ಉಳಿಸಿಕೊಳ್ಳಲಾಗದ ಕಾಡಿನ ಮರ ನಮ್ಮ ಬಂದರಿಗೆ ಬಂದಿತೆಂದರೆ ಕಠಿಣವಾದೀತು, ಸುಳ್ಳಾಗಲಾರದು. ಅರ್ಥಶಾಸ್ತ್ರದ ಪಾಠದಲ್ಲಿ ಬೇಡಿಕೆ ಎಂಬ ಮಾತನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಅದರ ಮುಖ ಇಂಥಲ್ಲಿ ಕಾಣುತ್ತದೆ.

ಆದುದರಿಂದ ಮಾರುವ ದೇಶದಲ್ಲಿ ಮಾತ್ರವಲ್ಲದೆ ಕೊಳ್ಳುವ ದೇಶದಲ್ಲಿಯೂ ನಿಯಮ ಬೇಕೆಂಬ ವಿಚಾರ ಬಲವಾಯಿತು. ಆದರೆ ಅಲ್ಲಿ ಬೇರೊಂದು ತೊಡಕು ಕಾದಿತ್ತು. ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದಗಳ ಮೂಲ ತತ್ತ್ವವೇನೆಂದರೆ, ಒಂದೇ ಬಗೆಯ ಸರಕನ್ನು ಅದು ಬಂದ ದೇಶ ನೋಡಿ ಬೇರೆಬೇರೆಯಾಗಿ ಕಾಣಬಾರದು. ಹಲಗೆಯೆಂದರೆ ಹಲಗೆ, ಅದು ಹೇಗೆ ಆಯಿತೆಂದು ಕೇಳುವ ಅಧಿಕಾರ ಕೊಳ್ಳುವವನಿಗೆ ಎಲ್ಲಿಯದು? 1992ರಲ್ಲಿ ಆಸ್ಟ್ರಿಯ ದೇಶವು ಉಷ್ಣವಲಯದ ಮರಕ್ಕೆಲ್ಲ ಗುರುತಿನ ಚೀಟಿ ಕಡ್ಡಾಯವೆಂದು ಕಾನೂನು ಮಾಡಿತು. ಶೀತವಲಯದ ಮರಕ್ಕೆ ಮಾತ್ರ ಚೀಟಿ ಬೇಡ! ತಮ್ಮ ಕಾಡಿನಲ್ಲಿ ಪೈನ್ ಬೆಳೆಯುವವರು ಮಾಡಿದ ಈ ಕಾನೂನಿನಲ್ಲಿ ಮಲೇಷ್ಯ, ಇಂಡೋನೇಷ್ಯಗಳಿಗೆ ಕಾಡಿನ ಪ್ರೀತಿಗಿಂತ ವ್ಯಾಪಾರದ ಪ್ರೀತಿಯೇ ಹೆಚ್ಚಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವು ಗದ್ದಲವೆಬ್ಬಿಸಿದವು, 1993ರಲ್ಲಿ ಆಸ್ಟ್ರಿಯ ಚೀಟಿಯ ಕಡ್ಡಾಯವನ್ನು ಹಿಂದೆಗೆದುಕೊಂಡಿತು.

ದಾರಿ ತೆರೆದದ್ದು ಮರದ ಮೊಕದ್ದಮೆಯಲ್ಲ, ಸೀಗಡಿಯದು. ಕಡಲಾಮೆಗಳನ್ನು ಕೊಲ್ಲದ ಬಲೆಯಿಂದ ಹಿಡಿದ ಸೀಗಡಿಯನ್ನು ಮಾತ್ರ ಕೊಳ್ಳುತ್ತೇವೆಂದು ಅಮೆರಿಕ ಹೇಳಿದಾಗ ಭಾರತ, ಮಲೇಷ್ಯ, ಪಾಕಿಸ್ತಾನ, ಥಾಯ್ಲೆಂಡುಗಳು ವಿಶ್ವ ವಾಣಿಜ್ಯ ಸಂಸ್ಥೆಯ ಮೊರೆಹೊಕ್ಕವು. 1998ರ ತೀರ್ಪಿನಲ್ಲಿ ನಮ್ಮ ಕಡೆ ಗೆದ್ದಿತು. ಆದರೆ ಗೆದ್ದ ಬಗೆ ಗಮನಿಸತಕ್ಕದ್ದು. ಜೀವಿಗಳನ್ನು ಉಳಿಸುವ ಸಲುವಾಗಿ ಸರಕು ತಯಾರಾದ ಬಗೆಯನ್ನು ಕೇಳುವುದೇ ತಪ್ಪೆಂದು ನ್ಯಾಯಪೀಠ ಹೇಳಲಿಲ್ಲ. ಕೆಲವು ದೇಶಗಳಿಗೆ ಕಾಲಾವಕಾಶವನ್ನೂ ನೆರವನ್ನೂ ಕೊಟ್ಟು ಇನ್ನು ಕೆಲವಕ್ಕೆ ಕೊಡದಿದ್ದುದು ಅನ್ಯಾಯವೆಂದಿತು. ಅಮೆರಿಕ ಆ ತಾರತಮ್ಯವನ್ನು ಸರಿಪಡಿಸಿಕೊಂಡ ಮೇಲೆ 2001ರಲ್ಲಿ ಅದೇ ನಿಯಮಕ್ಕೆ ಒಪ್ಪಿಗೆ ಸಿಕ್ಕಿತು. ಜಾತಕ ಕೇಳಬಹುದು, ಎಲ್ಲರನ್ನೂ ಒಂದೇ ರೀತಿಯಲ್ಲಿ ಕೇಳಬೇಕು ಎಂಬುದು ಅಲ್ಲಿಂದ ಮುಂದಿನ ಕಾನೂನು ಬರೆಯುವವರಿಗೆ ದಾರಿದೀಪವಾಯಿತು.

2008ರಲ್ಲಿ ಅಮೆರಿಕ ಒಂದು ಹಳೆಯ ಕಾಯಿದೆಯ ಧೂಳು ಕೊಡವಿತು. ಅಯೋವ ಪ್ರಾಂತದ ಪ್ರತಿನಿಧಿ ಜಾನ್ ಲೇಸಿ ಎಂಬವರು 1900ರಲ್ಲಿ ತಂದಿದ್ದ ಅದು ಕದ್ದು ಕೊಂದ ಹಕ್ಕಿ, ಬೇಟೆಯ ಪ್ರಾಣಿಗಳ ವ್ಯಾಪಾರವನ್ನು ತಡೆಯುವುದಕ್ಕಾಗಿ ಇದ್ದದ್ದು. ಅದಕ್ಕೆ ಈಗ ಸಸ್ಯಗಳನ್ನೂ ಸೇರಿಸಿದರು. ಇದರ ಜಾಣತನ ಒಂದೇ ಮಾತಿನಲ್ಲಿದೆ: ಮರ ಹುಟ್ಟಿದ ದೇಶದ ಕಾನೂನನ್ನು ಮುರಿದು ಕಡಿದದ್ದಾದರೆ ಅದು ಅಮೆರಿಕದಲ್ಲಿಯೂ ಕಳ್ಳಮಾಲು. ನಮ್ಮ ಕಾನೂನನ್ನು ನಿಮ್ಮ ಮೇಲೆ ಹೇರುವುದಿಲ್ಲ, ನಿಮ್ಮದನ್ನೇ ನಾವೂ ಗೌರವಿಸುತ್ತೇವೆ ಎಂಬಂತೆ. ಕೇಳುವುದಕ್ಕೆ ಬಹಳ ವಿನಯದ ಮಾತು. ಆಚರಣೆಯಲ್ಲಿ ಅದು ಎಂಥ ಗೊಂದಲಕ್ಕೂ ಇಳಿಯಬಹುದೆಂಬುದಕ್ಕೆ ನಮ್ಮ ದೇಶದ ಬೀಟೆಯೇ ಸಾಕ್ಷಿ.

ಗಿಬ್ಸನ್ ಎಂಬುದು ಗಿಟಾರ್ ತಯಾರಿಸುವ ಹೆಸರಾಂತ ಅಮೆರಿಕನ್ ಕಂಪನಿ. ಮಡಗಾಸ್ಕರಿನ ಕರಿಮರದ ವಿಚಾರವಾಗಿ 2009ರಲ್ಲಿಯೂ, ಭಾರತದ ಬೀಟೆ ಮತ್ತು ಕರಿಮರದ ವಿಚಾರವಾಗಿ 2011ರಲ್ಲಿಯೂ ಸರ್ಕಾರಿ ಅಧಿಕಾರಿಗಳು ಅದರ ಕಾರ್ಖಾನೆಯನ್ನು ಶೋಧಿಸಿದರು. ಮಡಗಾಸ್ಕರಿನ ವಿಚಾರ ಸ್ಪಷ್ಟವಾಗಿತ್ತು: 2006ರಲ್ಲೇ ಆ ದೇಶ ಕರಿಮರ ಕಡಿಯುವುದನ್ನೂ ಹಸಿ ಸರಕಾಗಿ ಸಾಗಿಸುವುದನ್ನೂ ನಿಲ್ಲಿಸಿತ್ತು. 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತು ರಾಜಿ ಮಾಡಿಕೊಂಡಿತು. ಭಾರತದ ಮರದ ವಿಚಾರ ಹಾಗಲ್ಲ. ನಮ್ಮ ರಫ್ತಿನ ನಿಯಮದಂತೆ ಬರಿಯ ಕೊಯ್ದ ಹಲಗೆ ಹೊರದೇಶಕ್ಕೆ ಹೋಗಕೂಡದು, ಸಿದ್ಧವಸ್ತು ಹೋಗಬಹುದು. ಗಿಟಾರಿನ ಕುತ್ತಿಗೆಗೆ ಅಂಟಿಸುವ ಬೆರಳುಪಟ್ಟಿಗೆಂದು ಕತ್ತರಿಸಿದ ಬೀಟೆಯ ತುಂಡು ಹಲಗೆಯೋ, ವಾದ್ಯದ ಭಾಗವೋ? ವೀಣೆ ಮಾಡುವವರನ್ನು ಕೇಳಿದರೆ ಒಂದು ಉತ್ತರ, ಸುಂಕದವರನ್ನು ಕೇಳಿದರೆ ಇನ್ನೊಂದು. ಕೊನೆಗೆ ಅಮೆರಿಕದ ಸರ್ಕಾರವೇ ಭಾರತದ ವರ್ಗೀಕರಣದಲ್ಲಿ ಅಸ್ಪಷ್ಟತೆಯಿದೆಯೆಂದು ಒಪ್ಪಿ ಆ ಮರವನ್ನು ಹಿಂದಿರುಗಿಸಿತು. ಪರದೇಶದ ಕಾನೂನನ್ನು ಗೌರವಿಸಬೇಕಾದರೆ ಆ ಕಾನೂನು ಮೊದಲು ಓದಿದರೆ ಅರ್ಥವಾಗುವಂತಿರಬೇಕಷ್ಟೆ.

ಇನ್ನೊಂದು ಪ್ರಕರಣದಲ್ಲಿ ಕಾಯಿದೆಯ ಹಲ್ಲು ನೇರವಾಗಿ ಊರಿತು. ಲಂಬರ್ ಲಿಕ್ವಿಡೇಟರ್ಸ್ ಎಂಬ ಕಂಪನಿ ಚೀನದಲ್ಲಿ ತಯಾರಾದ ನೆಲಹಾಸಿನ ಹಲಗೆಗಳನ್ನು ತರಿಸಿ ಮಾರುತ್ತಿತ್ತು. ಅದರಲ್ಲಿನ ಓಕ್ ಮರ ರಷ್ಯದ ಪೂರ್ವ ತುದಿಯ, ಸೈಬೀರಿಯದ ಹುಲಿಗಳು ಉಳಿದಿರುವ ಕಾಡಿನಿಂದ ಕದ್ದು ಕಡಿದದ್ದು. ಕಾಗದದಲ್ಲಿ ಮಾತ್ರ ಜಾತಿಯೂ ಬೇರೆ, ಊರೂ ಬೇರೆ. ಕೆಲವು ಸಲವಂತೂ ನಿಜವಾದ ಅನುಮತಿ ಪತ್ರವೇ ಇತ್ತು. ಆದರೆ ಅದೇ ಪತ್ರವನ್ನು ಎಷ್ಟು ಬಾರಿ ಬಳಸಿದ್ದರೆಂದರೆ, ಈ ಒಂದು ಕಂಪನಿ ಕೊಂಡ ಮರವೇ ಪತ್ರದಲ್ಲಿ ಕಡಿಯಲು ಅನುಮತಿಯಿದ್ದ ಓಕ್ ಮರದ ಪ್ರಮಾಣವನ್ನು ನೂರಕ್ಕೆ 800ಕ್ಕಿಂತ ಹೆಚ್ಚಾಗಿ ಮೀರಿತ್ತು. ಒಂದೇ ರಹದಾರಿಯಲ್ಲಿ ಮೂರು ಲಾರಿ ಸಾಗಿಸುವ ಕಥೆಗಳನ್ನು ಮಲೆನಾಡಿನ ಮಿತ್ರರಿಂದ ಕೇಳಿದವರಿಗೆ ಈ ವಿದ್ಯೆ ಅಪರಿಚಿತವೆನಿಸದು. 2016ರಲ್ಲಿ ಕಂಪನಿಗೆ ದಂಡ, ಮುಟ್ಟುಗೋಲುಗಳೆಲ್ಲ ಸೇರಿ ಸುಮಾರು 1 ಕೋಟಿ 30 ಲಕ್ಷ ಡಾಲರ್ ಬಿದ್ದಿತು. ಅಂದಿನಿಂದ ಅಮೆರಿಕದ ವ್ಯಾಪಾರಿಗಳು ಕಾಗದದ ಜೊತೆಗೆ ಮರವನ್ನೂ ನೋಡಬೇಕಾಯಿತು.

ಮರವನ್ನು ನೋಡಿ ಹೇಳುವ ಶಾಸ್ತ್ರವೂ ಉಂಟು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆ ಮರದ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ರಂಧ್ರಗಳ ಜೋಡಣೆಯಿಂದ ಅದು ಯಾವ ಜಾತಿಯೆಂದು ಹೇಳುತ್ತಾರೆ. ಆದರೆ ಜಾತಿ ತಿಳಿದರೆ ಊರು ತಿಳಿದಂತಾಗುವುದಿಲ್ಲ. ತೋಪಿನ ತೇಗಕ್ಕೂ ಅಭಯಾರಣ್ಯದ ತೇಗಕ್ಕೂ ರಂಧ್ರಗಳು ಒಂದೇ ತೆರ. ಮಳೆ, ಮಣ್ಣುಗಳು ಮರದೊಳಗೆ ಬಿಟ್ಟ ರಾಸಾಯನಿಕ ಗುರುತುಗಳಿಂದ ಸೀಮೆಯನ್ನು ಊಹಿಸುವ ಪರೀಕ್ಷೆಗಳು ಬೆಳೆಯುತ್ತಿವೆ. ಅವುಗಳಿಗೆ ಹೋಲಿಸಿ ನೋಡಲು ಪ್ರತಿ ಕಾಡಿನ ಮಾದರಿಯೂ ಮೊದಲೇ ಸಂಗ್ರಹವಾಗಿರಬೇಕು. ಆದುದರಿಂದ ಕಾಗದದ ಆಳ್ವಿಕೆ ಇನ್ನೂ ಮುಗಿದಿಲ್ಲ.

ಯೂರೋಪು ಒಕ್ಕೂಟದ ನಾಟಾ ನಿಯಮ 2010ರಲ್ಲಿ ಆಗಿ 2013ರ ಮಾರ್ಚಿನಿಂದ ಜಾರಿಗೆ ಬಂದಿತು. ಮೊದಲು ಮರವನ್ನು ಮಾರುಕಟ್ಟೆಗೆ ತರುವವನು ಅದು ಕಾನೂನುಬದ್ಧವೆಂದು ತಾನೇ ವಿಚಾರಿಸಿ ಖಾತ್ರಿ ಮಾಡಿಕೊಳ್ಳಬೇಕು. ಇದರ ಜೊತೆಗೆ ಮಾರುವ ದೇಶಗಳೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿಯ ಸರ್ಕಾರವೇ ಕೊಡುವ ಪರವಾನಗಿಯಿದ್ದರೆ ಬಂದರಿನಲ್ಲಿ ಬೇರೆ ವಿಚಾರಣೆ ಬೇಡವೆಂಬ ಏರ್ಪಾಟೂ ಇತ್ತು. ಇಂಥ ಪರವಾನಗಿಯನ್ನು ಮೊಟ್ಟಮೊದಲು ಕೊಟ್ಟ ದೇಶ ಇಂಡೋನೇಷ್ಯ, 2016ರ ನವೆಂಬರಿನಲ್ಲಿ. ಒಂದು ಕಾಲಕ್ಕೆ ಕಳ್ಳ ನಾಟಾಕ್ಕೆ ಕುಖ್ಯಾತವಾಗಿದ್ದ ಆ ದೇಶ, ದಿಮ್ಮಿಯಿಂದ ಕಾರ್ಖಾನೆಯವರೆಗೆ ಲೆಕ್ಕವಿಡುವ ಪದ್ಧತಿಯನ್ನು ವರ್ಷಗಟ್ಟಲೆ ಕೂತು ಕಟ್ಟಿತು. ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಹೆಚ್ಚು ಮೆಚ್ಚಬೇಕಾದ್ದು ಇದೇ. ಕೇಳುವವನೂ ಹೇಳುವವನೂ ಒಟ್ಟಿಗೆ ಕುಳಿತು ಜಾತಕದ ನಮೂನೆಯನ್ನು ಬರೆದರು.

ಹೊಸ ಕಾಯಿದೆಯಲ್ಲಿ ಆ ಸಮಾಧಾನ ಕಡಿಮೆ. ಕಾಡು ನಾಶವಾಗುವುದರಲ್ಲಿ ನೂರಕ್ಕೆ ಸುಮಾರು 90 ಪಾಲು ಬೇಸಾಯ, ದನಗಾವಲುಗಳ ವಿಸ್ತರಣೆಯಿಂದಲೇ ಎಂದು ಆಹಾರ ಮತ್ತು ಕೃಷಿ ಸಂಸ್ಥೆ 2021ರಲ್ಲಿ ಹೇಳಿತು. ಮರವನ್ನಷ್ಟೇ ಕೇಳಿ ಪ್ರಯೋಜನವೇನು, ಆ ನೆಲದಲ್ಲಿ ಅನಂತರ ಬೆಳೆದದ್ದನ್ನೂ ಕೇಳಬೇಕೆಂದು 2023ರಲ್ಲಿ ಯೂರೋಪು ಒಕ್ಕೂಟ ಹೊಸ ನಿಯಮ ಮಾಡಿತು. ಮರ, ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರು, ಸೋಯಾ ಈ ಏಳು ಸರಕುಗಳೂ ಅವುಗಳಿಂದಾದ ಹಲವು ವಸ್ತುಗಳೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದಿರಕೂಡದು. ಅಲ್ಲಿಯ ಕಾನೂನು ಕಡಿಯಲು ಬಿಟ್ಟಿದ್ದರೂ ಸರಿಯೇ! ಲೇಸಿ ಕಾಯಿದೆಯ ವಿನಯ ಇಲ್ಲಿಲ್ಲ. ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. ತಪ್ಪಿದ ವ್ಯಾಪಾರಿಗೆ ವಿಧಿಸಬಹುದಾದ ದಂಡದ ಮಿತಿ ಅವನ ವಾರ್ಷಿಕ ವಹಿವಾಟಿನ ನೂರಕ್ಕೆ 4ಕ್ಕಿಂತ ಕಡಿಮೆಯಿರಬಾರದು. 2024ರ ಕೊನೆಯಲ್ಲಿ ಜಾರಿಯಾಗಬೇಕಿದ್ದ ಇದನ್ನು ಎರಡು ಬಾರಿ ಮುಂದೂಡಿ, 2025ರ ತಿದ್ದುಪಡಿಯಲ್ಲಿ ದೊಡ್ಡ ಹಾಗೂ ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30, ತೀರ ಸಣ್ಣವರಿಗೆ 2027ರ ಜೂನ್ 30 ಎಂದು ಗೊತ್ತುಪಡಿಸಿದರು.

ಇದು ನಮ್ಮ ಮನೆಯಂಗಳಕ್ಕೆ ಬರುವುದು ಇಲ್ಲಿಯೇ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕೊಡಗು, ಚಿಕ್ಕಮಗಳೂರು, ಹಾಸನಗಳದು. ಅದರ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ, ಬೆಲ್ಜಿಯಮ್. ಬೆಳೆಗಾರರಲ್ಲಿ ಬಹುಮಂದಿ ಸಣ್ಣ ಹಿಡುವಳಿದಾರರು. ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ತೂಗಿ ಕೊಟ್ಟರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಅದು ಕ್ಯೂರಿಂಗ್ ವರ್ಕ್ಸ್ ಸೇರಿ ನೂರು ತೋಟದ ಬೀಜದೊಡನೆ ಬೆರೆತು, ಗಾತ್ರದ ಪ್ರಕಾರ ಜರಡಿಯಾಗಿ, ಚೀಲ ಸೇರುತ್ತದೆ. ಗರಗಸದ ಗಿರಣಿಯಲ್ಲಿ ದಿಮ್ಮಿಗೆ ಆಗುವುದೇ ಇಲ್ಲಿ ಕಾಫಿಗೂ ಆಗುತ್ತದೆ. ಹೊಸ ನಿಯಮದಂತೆ ಆ ರಾಶಿಗೆ ಸೇರಿದ ಪ್ರತಿಯೊಂದು ತೋಟದ ಗುರುತೂ ಬೇಕು. ಒಂದು ತೋಟದ ಗುರುತು ತಪ್ಪಿದರೆ ರಾಶಿಯೆಲ್ಲ ಮೈಲಿಗೆ. ಕಾಫಿ ಮಂಡಳಿ ತೋಟಗಳನ್ನು ನೋಂದಾಯಿಸುವ ಕೆಲಸಕ್ಕೆ ಕೈಹಾಕಿದೆ. 2025ರ ಮೇ ತಿಂಗಳಲ್ಲಿ ಯೂರೋಪಿನವರು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿರುವುದರಿಂದ ತಪಾಸಣೆಯ ಬಿಗಿ ಕೊಂಚ ಸಡಿಲವಾಗಿದೆ. ನೂರು ವ್ಯಾಪಾರಿಗಳಲ್ಲಿ ಒಬ್ಬರನ್ನು ತಪಾಸಿಸಿದರೆ ಸಾಕು. ಆದರೆ ತೋಟದ ಗುರುತು ಕೊಡುವುದು ತಪ್ಪುವುದಿಲ್ಲ.

ಇದರಲ್ಲೊಂದು ವಿನೋದವೂ ಇದೆ. ನಮ್ಮ ಕಾಫಿ ಬೆಳೆಯುವುದು ಹೆಮ್ಮರಗಳ ನೆರಳಿನಲ್ಲಿ. ಆಕಾಶದಿಂದ ನೋಡಿದರೆ ಆ ತೋಟ ಕಾಡಿನ ಹಾಗೆಯೇ. ನಮ್ಮದೇ ಭಾರತೀಯ ಅರಣ್ಯ ಸರ್ವೇಕ್ಷಣೆಯು, ಒಡೆತನ ಯಾರದೇ ಇರಲಿ, ಒಂದು ಹೆಕ್ಟೇರಿಗೆ ಮೇಲ್ಪಟ್ಟು ನೂರಕ್ಕೆ 10ರಷ್ಟಾದರೂ ಮರದ ಹೊದಿಕೆಯಿದ್ದರೆ ಅರಣ್ಯಾಚ್ಛಾದನವೆಂದು ಲೆಕ್ಕ ಹಿಡಿಯುತ್ತದೆ. ಕೊಡಗಿನ ಅಂಕಿಗಳು ಅಷ್ಟು ಹಸಿರಾಗಿ ಕಾಣುವುದಕ್ಕೆ ಕಾಫಿಯ ತೋಟಗಳೂ ಒಂದು ಕಾರಣ. ಈಗ ಅದೇ ತೋಟ ಕಾಡಲ್ಲ, ಬಹಳ ಹಿಂದಿನಿಂದಲೂ ತೋಟವೇ ಎಂದು ಯೂರೋಪಿನವರಿಗೆ ತೋರಿಸಿಕೊಡಬೇಕು. ಯೂರೋಪಿನ ವ್ಯಾಖ್ಯೆಯಲ್ಲಿ ಬೇಸಾಯದ ನೆಲದ ಮರಗಳು ಕಾಡಲ್ಲವೆಂಬುದೇನೋ ನಿಜ. ಆದರೆ ಅದನ್ನು ಹೇಳುವ ದಾಖಲೆ ತೆಗೆಯಬೇಕಾದವನು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವ ಸಣ್ಣ ಬೆಳೆಗಾರ. ಕೊಡಗಿನ ಜಮ್ಮಾ ಬಾಣೆಗಳಲ್ಲಿ ನೆಲ ಯಾರದು, ಅದರ ಮೇಲಿನ ಮರ ಯಾರದು ಎಂಬ ವ್ಯಾಜ್ಯವೇ ತಲೆಮಾರುಗಳಿಂದ ನಡೆದುಬಂದಿರುವಾಗ ಅವನ ಕಷ್ಟ ಊಹಿಸಿಕೊಳ್ಳಬಹುದು.

ಗಂಧದ ಕಥೆ ಇಲ್ಲಿ ನೆನಪಿಗೆ ಬರಬೇಕು. ಕಾಡುಜಾತಿಯ ನೆರಳುಮರ ಕಡಿಯಲು ಅನುಮತಿಯ ತೊಡಕು, ಸಿಲ್ವರ್ ಓಕ್‌ಗೆ ಆ ತೊಡಕಿಲ್ಲ ಎಂಬ ಕಾರಣಕ್ಕೆ ಎಷ್ಟೋ ಬೆಳೆಗಾರರು ಅತ್ತಿ, ನಂದಿ, ಹಲಸುಗಳ ಜಾಗದಲ್ಲಿ ಆಸ್ಟ್ರೇಲಿಯದಿಂದ ಬಂದ ಆ ಮರವನ್ನು ತುಂಬಿದರು. ಅಂದರೆ ಮರವನ್ನು ಕಾಯುವ ನಿಯಮವೇ ಮರವನ್ನು ತೋಟದಿಂದ ಹೊರಗಟ್ಟಿತು. ತೋಟದಲ್ಲಿ ಮರ ಹೆಚ್ಚಿದ್ದಷ್ಟೂ ಪ್ರಶ್ನೆ ಹೆಚ್ಚು ಎಂಬ ಅಂಜಿಕೆ ಹೊಸ ಕಾಯಿದೆಯಿಂದಲೂ ಹುಟ್ಟಿದರೆ ಆಗುವುದು ಅದೇ.

ಸಣ್ಣ ಕೆಲಸಗಾರರ ಪಾಡು ಬೀಟೆಯ ವಿಚಾರದಲ್ಲಿ ಈಗಾಗಲೇ ಕಂಡಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದವರು 2016ರಲ್ಲಿ ಜೊಹಾನೆಸ್‌ಬರ್ಗಿನಲ್ಲಿ ಸೇರಿ ಬೀಟೆಯ ಕುಲವನ್ನೆಲ್ಲ ಪರವಾನಗಿಯ ಪಟ್ಟಿಗೆ ಸೇರಿಸಿದರು. 2017ರ ಜನವರಿ 2ರಿಂದ ಅದು ಜಾರಿಗೆ ಬಂದಿತು. ಕಾರಣ ನ್ಯಾಯವಾದದ್ದೇ. ಆಫ್ರಿಕ, ಆಗ್ನೇಯ ಏಷ್ಯಗಳಲ್ಲಿ ಈ ಕುಲದ ಮರಗಳ ಕಳವು ಮಿತಿಮೀರಿತ್ತು, ಮರ ಹಲಗೆಯಾದ ಮೇಲೆ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ಆದರೆ ಅದೇ ಬಲೆಗೆ ಉತ್ತರ ಭಾರತದಲ್ಲಿ ಹೇರಳವಾಗಿ ಬೆಳೆಯುವ ಶಿಶಮ್ ಕೂಡ ಬಿದ್ದಿತು. ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಷ್ಟಿದ್ದ ಕರಕುಶಲ ವಸ್ತುಗಳ ರಫ್ತು 500ರಿಂದ 600 ಕೋಟಿಗೆ ಇಳಿಯಿತೆಂದು ಭಾರತ ಸರ್ಕಾರ ಹೇಳಿತು. 2022ರಲ್ಲಿ ಪನಾಮದ ಸಭೆಯಲ್ಲಿ ಭಾರತ ವಾದಿಸಿದ ಮೇಲೆ, ಒಂದೊಂದೂ 10 ಕಿಲೋಗ್ರಾಂಗಿಂತ ಕಡಿಮೆ ತೂಕವಿರುವ ಶಿಶಮ್ ವಸ್ತುಗಳಿಗೆ ಪರವಾನಗಿ ಬೇಡವೆಂದಾಯಿತು. ಐದು ವರ್ಷ ಕೆಲಸ ತಪ್ಪಿದ ಕೆತ್ತನೆಗಾರನಿಗೆ ಪನಾಮ ಎಲ್ಲಿದೆಯೆಂದು ಯಾರು ಹೇಳಿದರೋ!

ಇಷ್ಟು ಹೇಳಿದ ಮಾತ್ರಕ್ಕೆ ಜಾತಕ ಕೇಳುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಕೇಳಲೇಬೇಕು, ಥಾಯ್ಲೆಂಡಿನ ಕಥೆ ತಿಳಿದ ಮೇಲೆ ಬೇರೆ ದಾರಿ ಕಾಣುವುದಿಲ್ಲ. ಆದರೆ ಜಾತಕ ಬರೆಸುವ ಖರ್ಚನ್ನು ಕೇಳುವವನೂ ಹೊರಬೇಕು. ರೋಮಿನಲ್ಲಿ ಒಂದು ಬಟ್ಟಲು ಕಾಫಿ ಕುಡಿಯುವವನು ತೆರುವ ಬೆಲೆಯಲ್ಲಿ ಸೋಮವಾರಪೇಟೆಯ ಬೆಳೆಗಾರನಿಗೆ ಮುಟ್ಟುವುದು ಎಷ್ಟು ಅಲ್ಪವೆಂದರೆ, ನಕ್ಷೆ ಬರೆಸುವ ಖರ್ಚು ಅವನದೇ ಆಗಬೇಕೆನ್ನುವುದು ನ್ಯಾಯವಲ್ಲ. ಭಾರತ ಸರ್ಕಾರ ಈ ಮಾತನ್ನು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಗಟ್ಟಿಯಾಗಿಯೇ ಹೇಳುತ್ತ ಬಂದಿದೆ.

ಹೇಳುವವರು ಕೊಳ್ಳುವವರೂ ಹೌದು ಎಂಬುದೊಂದು ಉಳಿಯುತ್ತದೆ. ಬರ್ಮಾದವರು 2014ರ ಏಪ್ರಿಲಿನಿಂದ ಇಡಿಯ ದಿಮ್ಮಿಗಳ ರಫ್ತನ್ನು ನಿಲ್ಲಿಸಿದರು. 2016ರಲ್ಲಿ ಸ್ವೀಡನ್ನಿನ ನ್ಯಾಯಾಲಯವೊಂದು, ಬರ್ಮಾದ ಸರ್ಕಾರಿ ನಾಟಾ ಸಂಸ್ಥೆಯ ಕಾಗದವೊಂದನ್ನೇ ನಂಬಿ ತೇಗ ತರಿಸಿದ ವ್ಯಾಪಾರಿಯ ವಿಚಾರಣೆ ಸಾಲದೆಂದು ತೀರ್ಪಿತ್ತಿತು. ಅಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ, 2021ರ ಜೂನಿನಲ್ಲಿ, ಯೂರೋಪು ಒಕ್ಕೂಟ ಆ ಸಂಸ್ಥೆಯೊಡನೆ ವ್ಯವಹಾರವನ್ನೇ ನಿಷೇಧಿಸಿತು. ಆಸ್ಟ್ರೇಲಿಯ 2012ರಲ್ಲಿ, ಜಪಾನು 2016ರಲ್ಲಿ ಕಳ್ಳ ನಾಟಾದ ವಿರುದ್ಧ ತಮ್ಮತಮ್ಮ ಕಾಯಿದೆ ಮಾಡಿಕೊಂಡವು. ಚೀನ ಕೂಡ 2019ರಲ್ಲಿ ತಿದ್ದಿದ ತನ್ನ ಅರಣ್ಯ ಕಾಯಿದೆಯಲ್ಲಿ, ಕದ್ದ ಮರವೆಂದು ತಿಳಿದೂ ಕೊಳ್ಳುವುದು ಅಪರಾಧವೆಂದು ಬರೆಯಿತು. ಭಾರತದಲ್ಲಿ 2023ರ ಡಿಸೆಂಬರಿನಲ್ಲಿ ಪ್ರಾರಂಭವಾದ ಅರಣ್ಯ ಮತ್ತು ಮರದ ಪ್ರಮಾಣೀಕರಣ ಯೋಜನೆ ಇಷ್ಟವಿದ್ದವರಿಗೆ ಮಾತ್ರ. ಕಾಂಡ್ಲಾಕ್ಕೋ ಮಂಗಳೂರಿಗೋ ಹಡಗು ಬಂದಾಗ ನಮ್ಮವರು ದಿಮ್ಮಿಯನ್ನು ಕೇಳುವ ಪ್ರಶ್ನೆಗಳು ಮೂರು: ಹುಳು ಹಿಡಿಯದಂತೆ ಹೊಗೆ ಹಾಕಿಸಿದೆಯೇ, ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜಾತಿಯಾದರೆ ಅದರ ಪರವಾನಗಿ ಇದೆಯೇ, ಸುಂಕ ಎಷ್ಟು. ಯಾವ ಕಾಡಿನಿಂದ ಬಂದೆ ಎಂಬ ಪ್ರಶ್ನೆ ಅದರಲ್ಲಿಲ್ಲ.